ನೋವೇ ಇಲ್ಲದ್ದಕ್ಕೆ ಸ್ಕ್ಯಾನ್ ಯಾಕೆ?

ಕಳೆದ ಆಷಾಢದಲ್ಲಿ ಚಿಕ್ಕಮ್ಮನ ಜೊತೆ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಹೆಸರು, ವಯಸ್ಸು, ಫೋನ್ ನಂಬರ್ ಬರೆದುಕೊಂಡಳು. ಡಾಕ್ಟರ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಮೇಡಂ, ಇಂಪ್ಲಾಂಟ್ ಯಾವ ಕಂಪನೀದು? ಯಾವ ವರ್ಷ ಹಾಕಿದ್ದು? ಕಾರ್ಡ್ ತಂದಿದ್ದೀರಾ?"

ಚಿಕ್ಕಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. 11 ವರ್ಷಗಳ ಹಿಂದೆ ಅವಳಿಗೆ ಸ್ತನ ಕ್ಯಾನ್ಸರ್ ಆಗಿ ಎಡಗಡೆಯ ಸ್ತನವನ್ನು ತೆಗೆದಿದ್ದರು. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ಅಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರು. ಮನೆಯಲ್ಲಿ ಇದು ಗೊತ್ತಿದ್ದವರು ಚಿಕ್ಕಪ್ಪ, ನನ್ನ ಅಮ್ಮ, ನಾನು, ಅಷ್ಟೆ. ಅದಕ್ಕೆ ಮೊದಲು ಅವಳು ರವಿಕೆಯೊಳಗೆ ಹತ್ತಿಯ ಗಂಟು ಇಟ್ಟುಕೊಂಡು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಅದು ಸರಿಯುತ್ತಿತ್ತಂತೆ. ಇಂಪ್ಲಾಂಟ್ ಬಂದ ಮೇಲೆ ಆ ಚಿಂತೆ ಹೋಯಿತು. ಚಿಂತೆ ಹೋದದ್ದರ ಜೊತೆಗೆ ಇಂಪ್ಲಾಂಟೂ ಮರೆತುಹೋಯಿತು.

"ನೋವಿಲ್ಲ, ಏನಿಲ್ಲ. ನೋವೇ ಇಲ್ಲದ್ದಕ್ಕೆ ಸ್ಕ್ಯಾನ್ ಯಾಕೇ?" ಎಂದು ಅವಳು ದಾರಿಯುದ್ದಕ್ಕೂ ಕೇಳುತ್ತಿದ್ದಳು. ಬೇರೊಂದು ಕಾರಣಕ್ಕೆ ನೋಡಿದ ವೈದ್ಯೆಯೊಬ್ಬರು, ಇಷ್ಟು ವರ್ಷವಾಗಿದೆ, ಒಮ್ಮೆ ಎಂ.ಆರ್.ಐ. ಮಾಡಿಸಿಬಿಡಿ ಎಂದು ಬರೆದುಕೊಟ್ಟಿದ್ದರು. ಆದರೆ ಅಂದು ಸ್ಕ್ಯಾನ್ ಆಗಲಿಲ್ಲ. ಸ್ತನ ಮರುನಿರ್ಮಾಣದ ಮೊದಲ ಹಂತದಲ್ಲಿ ಚರ್ಮವನ್ನು ಹಿಗ್ಗಿಸಲು ತಾತ್ಕಾಲಿಕವಾಗಿ ಒಂದು ಚೀಲ ಇಡುವುದುಂಟು. ಅಂಥ ಕೆಲವು ಚೀಲಗಳಲ್ಲಿ ಅಯಸ್ಕಾಂತ ಇರುತ್ತದೆ, ಎಂ.ಆರ್.ಐ. ಯಂತ್ರದೊಳಗೆ ಅದು ಅಪಾಯ. ಒಳಗಿರುವುದು ಆ ಚೀಲವೋ, ಸಿಲಿಕೋನ್ ಇಂಪ್ಲಾಂಟೋ ಎಂದು ಖಾತ್ರಿಯಾಗದೆ ಒಳಗೆ ಬಿಡುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಳೆಯ ಫೈಲು ಸಿಗುತ್ತಿಲ್ಲ ಎಂಬ ಉತ್ತರ ಬಂತು. ನಾವು ವಾಪಸು ಬಂದೆವು.

ನನ್ನ ಪಿಎಚ್.ಡಿ. ವಿಷಯ ಬೇರೆ. 1898ರ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ಬಂದ ಪ್ಲೇಗು ಮತ್ತು ಆ ಕಾಲದ ಸರ್ಕಾರಿ ಕಡತಗಳನ್ನು ಓದುವುದು ನನ್ನ ದಿನನಿತ್ಯದ ಕೆಲಸ. ಯಾರ ಹೆಸರು ದಾಖಲೆಗೆ ಬಂತು, ಯಾರದು ಬಿಟ್ಟುಹೋಯಿತು ಎಂದು ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು. ಅಂದು ಮನೆಗೆ ಬಂದ ಮೇಲೆ ಚಿಕ್ಕಮ್ಮನ ಪ್ರಶ್ನೆಯನ್ನೇ ಹಿಡಿದು ಓದಲು ಕುಳಿತೆ. ಸಿಲಿಕೋನ್ ಇಂಪ್ಲಾಂಟಿನ ಚರಿತ್ರೆಯನ್ನು ಸಾಮಾನ್ಯವಾಗಿ ಸೌಂದರ್ಯದ ಹುಚ್ಚಿನ ಕಥೆಯಾಗಿಯೋ, ಕೋರ್ಟು ಕಚೇರಿಗಳ ಕಥೆಯಾಗಿಯೋ ಹೇಳುತ್ತಾರೆ. ನನಗೆ ಅದರಲ್ಲಿ ಬೇರೊಂದು ಕಥೆ ಕಂಡಿತು. ಒಂದು ವಸ್ತುವನ್ನು ಮನುಷ್ಯರ ಮೈಯೊಳಗೆ ಇಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಲೆಕ್ಕ ಇಡುವವರು ಯಾರು ಎಂಬ ಕಥೆ ಅದು.

ಅದು ಶುರುವಾಗುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ. ಅಲ್ಲಿ ಫ್ರಾಂಕ್ ಜೆರೋ ಎಂಬ ಶಸ್ತ್ರವೈದ್ಯ ಒಮ್ಮೆ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಅದುಮಿ ನೋಡಿ, ಇದು ಸ್ತನದ ಹಾಗೇ ಇದೆಯಲ್ಲ ಎಂದುಕೊಂಡನಂತೆ. ಅವನೂ ಅವನ ಹಿರಿಯ ಸಹೋದ್ಯೋಗಿ ಥಾಮಸ್ ಕ್ರೋನಿನ್ ಕೂಡ ಡೌ ಕಾರ್ನಿಂಗ್ ಕಂಪನಿಯ ನೆರವಿನಿಂದ ಸಿಲಿಕೋನ್ ರಬ್ಬರಿನ ಚೀಲದೊಳಗೆ ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟ್ ತಯಾರಿಸಿದರು. ಮೊದಲು ಅದನ್ನು ಇಟ್ಟದ್ದು ಎಸ್ಮರಾಲ್ಡಾ ಎಂಬ ನಾಯಿಯ ಚರ್ಮದಡಿಯಲ್ಲಿ. ಎರಡು ವಾರದ ಹೊತ್ತಿಗೆ ನಾಯಿ ಹೊಲಿಗೆಯನ್ನು ಕಚ್ಚತೊಡಗಿದ್ದರಿಂದ ತೆಗೆಯಬೇಕಾಯಿತು. ಆದರೂ ಪ್ರಯೋಗ ಯಶಸ್ವಿ ಎಂದು ತೀರ್ಮಾನವಾಯಿತು.

1962ರಲ್ಲಿ ಅದೇ ನಗರದ ಜೆಫರ್ಸನ್ ಡೇವಿಸ್ ಆಸ್ಪತ್ರೆಯಲ್ಲಿ ಟಿಮ್ಮಿ ಜೀನ್ ಲಿಂಡ್ಸಿ ಎಂಬ ಮಹಿಳೆಗೆ ಮೊದಲ ಬಾರಿ ಈ ಇಂಪ್ಲಾಂಟ್ ಹಾಕಿದರು. ಆಕೆ ಆರು ಮಕ್ಕಳ ತಾಯಿ. ಬಂದದ್ದು ಎದೆಯ ಮೇಲಿದ್ದ ಹಚ್ಚೆ ತೆಗೆಸಲು. ಹೊಸ ಇಂಪ್ಲಾಂಟಿನ ವಿಷಯ ಎತ್ತಿದವರು ವೈದ್ಯರೇ. ಆಕೆಗೆ ಬೇಕಾಗಿದ್ದದ್ದು ಮುಂದಕ್ಕೆ ಚಾಚಿದ ತನ್ನ ಕಿವಿಗಳನ್ನು ಸರಿಮಾಡಿಸಿಕೊಳ್ಳುವುದು. ಅದನ್ನೂ ಮಾಡಿಕೊಡುತ್ತೇವೆ ಎಂದಾಗ ಒಪ್ಪಿಕೊಂಡಳು. 2012ರಲ್ಲಿ ಆ ಆಪರೇಷನ್ನಿಗೆ 50 ವರ್ಷ ತುಂಬಿದಾಗ ಪತ್ರಕರ್ತರು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಆಗ ಆಕೆಗೆ 80ರ ಆಸುಪಾಸು. ಇಂಪ್ಲಾಂಟುಗಳು ಇನ್ನೂ ಮೈಯಲ್ಲೇ ಇದ್ದವು.

ಇಲ್ಲಿ ನನ್ನನ್ನು ನಿಲ್ಲಿಸಿದ್ದು ಕಾಲದ ಲೆಕ್ಕ. ನಾಯಿಯಲ್ಲಿ ನೋಡಿದ್ದು ಕೆಲವೇ ವಾರ, ಹೆಣ್ಣಿನ ಮೈಯಲ್ಲಿ ಇದ್ದದ್ದು 50 ವರ್ಷ. ಆ ಅವಧಿಯಲ್ಲಿ ಒಳಗೆ ಏನಾಗುತ್ತದೆ ಎಂದು ತಿಳಿಯುವ ದಾರಿ 1962ರಲ್ಲಿ ಯಾರಿಗೂ ಇರಲಿಲ್ಲ. ವೈದ್ಯರ ಬಳಿ ಇದ್ದದ್ದು ಕೈ ಮತ್ತು ಎಕ್ಸ್-ರೇ.

ಎಕ್ಸ್-ರೇಗೆ ಸಿಲಿಕೋನ್ ಒಂದು ಗೋಡೆ. ಮ್ಯಾಮೊಗ್ರಾಮ್ ಚಿತ್ರದಲ್ಲಿ ಇಂಪ್ಲಾಂಟ್ ಅಚ್ಚ ಬಿಳಿಯ ಮೊಟ್ಟೆಯ ಹಾಗೆ ಕಾಣುತ್ತದೆ. ಒಳಗಿನ ಜೆಲ್ ಹೇಗಿದೆ, ಚೀಲ ಹರಿದಿದೆಯೋ ಇಲ್ಲವೋ ಅದರಲ್ಲಿ ಸಾಮಾನ್ಯವಾಗಿ ತಿಳಿಯುವುದಿಲ್ಲ. ಇನ್ನೂ ದೊಡ್ಡ ತೊಂದರೆಯೆಂದರೆ, ಸೌಂದರ್ಯಕ್ಕಾಗಿ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಅದು ಸ್ತನದ ಸ್ವಂತ ಅಂಗಾಂಶವನ್ನು ಮರೆಮಾಡುತ್ತದೆ. ಅಲ್ಲಿ ಗಂಟು ಬೆಳೆದರೆ ಚಿತ್ರದಲ್ಲಿ ತಪ್ಪಿಹೋಗಬಹುದು. ಇಂಪ್ಲಾಂಟನ್ನು ಹಿಂದಕ್ಕೆ ಒತ್ತಿ, ಅಂಗಾಂಶವನ್ನು ಮಾತ್ರ ಮುಂದಕ್ಕೆ ಎಳೆದು ಚಿತ್ರ ತೆಗೆಯುವ ಉಪಾಯವನ್ನು ಎಕ್ಲಂಡ್ ಎಂಬ ವೈದ್ಯ ಮತ್ತು ಅವನ ಸಂಗಡಿಗರು ಪ್ರಕಟಿಸಿದ್ದು 1988ರಲ್ಲಿ, ಮೊದಲ ಆಪರೇಷನ್ ಆಗಿ 26 ವರ್ಷದ ಮೇಲೆ. ಇಂದಿಗೂ ಮ್ಯಾಮೊಗ್ರಾಮಿಗೆ ಹೋಗುವ ಇಂಪ್ಲಾಂಟ್ ಇರುವ ಮಹಿಳೆ ಅದನ್ನು ಮೊದಲೇ ತಂತ್ರಜ್ಞರಿಗೆ ಹೇಳಬೇಕು ಎನ್ನುವುದು ಇದಕ್ಕಾಗಿಯೇ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇರುವುದು ನಮ್ಮ ದೇಹದ ಒಂದು ಸ್ವಭಾವದಲ್ಲಿ. ಹೊರಗಿನ ವಸ್ತುವೊಂದು ಮೈಯೊಳಗೆ ಬಂದರೆ ದೇಹ ಅದರ ಸುತ್ತ ತನ್ನದೇ ಒಂದು ಪೊರೆ ಕಟ್ಟುತ್ತದೆ. ಇಂಪ್ಲಾಂಟಿನ ಚೀಲ ಸವೆದು ಹರಿದರೂ ಜೆಲ್ ಬಹಳ ಸಲ ಈ ಪೊರೆಯ ಒಳಗೇ ನಿಲ್ಲುತ್ತದೆ. ಆಕಾರ ಕೆಡುವುದಿಲ್ಲ, ನೋವು ಬರುವುದಿಲ್ಲ, ಕೈಯಿಂದ ಒತ್ತಿ ನೋಡಿದ ವೈದ್ಯರಿಗೂ ಗೊತ್ತಾಗುವುದಿಲ್ಲ. ಉಪ್ಪುನೀರು ತುಂಬಿದ ಇಂಪ್ಲಾಂಟ್ ಹರಿದರೆ ನೀರು ಸೋರಿ ಸ್ತನ ಕುಗ್ಗುತ್ತದೆ, ಕನ್ನಡಿಯ ಮುಂದೆ ನಿಂತರೆ ಸಾಕು. ಸಿಲಿಕೋನಿನ ಒಡಕು ಹಾಗಲ್ಲ. ಅದನ್ನು ವೈದ್ಯರು ಸದ್ದಿಲ್ಲದ ಒಡಕು ಎನ್ನುತ್ತಾರೆ. ನೋವಿಲ್ಲ ಎಂಬುದು ಇಲ್ಲಿ ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಆ ಸದ್ದಿಲ್ಲದ್ದನ್ನು ಕಾಣುವ ಯಂತ್ರ ಬರಲು ಕಾಯಬೇಕಾಯಿತು. ಪಾಲ್ ಲಾಟರ್‌ಬರ್ ಕಾಂತೀಯ ಅನುರಣನದಿಂದ ಚಿತ್ರ ಮೂಡಿಸುವ ಬಗೆಯನ್ನು ಪ್ರಕಟಿಸಿದ್ದು 1973ರಲ್ಲಿ. ಎಂ.ಆರ್.ಐ. ಆಸ್ಪತ್ರೆಗಳಿಗೆ ಬಂದದ್ದು 1980ರ ದಶಕದಲ್ಲಿ. ಸ್ತನದ ಇಂಪ್ಲಾಂಟುಗಳನ್ನು ಅದರಲ್ಲಿ ಕ್ರಮವಾಗಿ ಓದುವುದನ್ನು ವೈದ್ಯರು ಕಲಿತದ್ದು 1990ರ ದಶಕದ ಆರಂಭದಲ್ಲಿ. ನೀರು, ಕೊಬ್ಬು, ಸಿಲಿಕೋನ್ ಮೂರೂ ಆ ಯಂತ್ರಕ್ಕೆ ಬೇರೆಬೇರೆಯಾಗಿ ಪ್ರತಿಕ್ರಿಯಿಸುತ್ತವೆ, ಹಾಗಾಗಿ ಸಿಲಿಕೋನನ್ನು ಮಾತ್ರ ಬೆಳಗಿಸಿ ತೋರಿಸಬಹುದು. ಚೀಲ ಹರಿದು ಜೆಲ್ಲಿನೊಳಗೆ ಮಡಚಿ ಬಿದ್ದಿದ್ದರೆ ಬೆಳ್ಳಗಿನ ಜೆಲ್ಲಿನ ನಡುವೆ ಕಪ್ಪು ಎಳೆಗಳು ಸುರುಳಿಯಾಗಿ ಕಾಣುತ್ತವೆ. ಪಾಶ್ಚಾತ್ಯ ವೈದ್ಯರು ಅದಕ್ಕೆ ಲಿಂಗ್ವೀನಿ ಎಂಬ ಪಾಸ್ತಾದ ಹೆಸರಿಟ್ಟರು. ನಮ್ಮವರು ಮೊದಲು ನೋಡಿದ್ದರೆ ಶಾವಿಗೆ ಎನ್ನುತ್ತಿದ್ದರೇನೋ. ಅಲ್ಟ್ರಾಸೌಂಡಿನಲ್ಲಿ ಅದೇ ಹರಿದ ಚೀಲ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಜೆಲ್ ಪೊರೆಯನ್ನೂ ದಾಟಿ ಹೊರಗೆ ಹರಡಿದ್ದರೆ ಹಿಮ ಸುರಿದ ಹಾಗೆ ಮಸುಕಾಗಿ ಕಾಣುತ್ತದೆ.

ಅಂದರೆ ಮೈಯೊಳಗಿಟ್ಟ ವಸ್ತುವನ್ನು ಸರಿಯಾಗಿ ನೋಡುವ ಕಣ್ಣು ಸಿಕ್ಕಿದ್ದು ಸುಮಾರು 30 ವರ್ಷದ ನಂತರ. ಅಷ್ಟರಲ್ಲಿ ಲಕ್ಷಾಂತರ ಮಹಿಳೆಯರ ದೇಹದೊಳಗೆ ಆ ವಸ್ತು ಸೇರಿತ್ತು. 1970ರ ದಶಕದಲ್ಲಿ ಮೃದುವಾಗಿರಲೆಂದು ತೆಳ್ಳನೆಯ ಚೀಲ, ನೀರಾದ ಜೆಲ್ ಇರುವ ಇಂಪ್ಲಾಂಟುಗಳು ಬಂದವು. ಹೆಚ್ಚು ಜಿನುಗಿದ್ದು, ಹೆಚ್ಚು ಹರಿದದ್ದು ಅವೇ. ಅವುಗಳನ್ನು ಹಾಕಿಸಿಕೊಂಡವರಿಗೆ ಅದನ್ನು ತಿಳಿದುಕೊಳ್ಳುವ ದಾರಿಯಿರಲಿಲ್ಲ.

ಕಣ್ಣು ತಡವಾಗಿ ಬಂತು ಎಂಬುದಕ್ಕೆ ಯಾರನ್ನೂ ದೂರಲಾಗದು. ಆದರೆ ಲೆಕ್ಕ ಇಡಲು ಯಂತ್ರ ಬೇಕಿರಲಿಲ್ಲ. ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳ ಮೇಲೆ ಸರಿಯಾದ ಕಾನೂನು ಬಂದದ್ದು 1976ರಲ್ಲಿ, ಡಾಲ್ಕನ್ ಶೀಲ್ಡ್ ಎಂಬ ಗರ್ಭನಿರೋಧಕ ಸಾಧನದಿಂದ ಅನೇಕ ಹೆಂಗಸರಿಗೆ ಹಾನಿಯಾದ ನಂತರ. ಆಗಲೇ ಮಾರುಕಟ್ಟೆಯಲ್ಲಿದ್ದ ಸಾಧನಗಳು ಹಾಗೇ ಮುಂದುವರಿಯಲಿ, ಅವುಗಳ ಪುರಾವೆಯನ್ನು ಆಮೇಲೆ ಕೇಳೋಣ ಎಂದು ಆ ಕಾನೂನು ಬಿಟ್ಟಿತು. ಸ್ತನದ ಇಂಪ್ಲಾಂಟ್ ಆ ಸಾಲಿನಲ್ಲಿತ್ತು. ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಅದನ್ನು ಅತಿ ಹೆಚ್ಚು ಎಚ್ಚರ ಬೇಕಾದ ಮೂರನೆಯ ವರ್ಗಕ್ಕೆ ಸೇರಿಸಿದ್ದು 1988ರಲ್ಲಿ. ಸುರಕ್ಷಿತ ಎಂಬುದಕ್ಕೆ ಪುರಾವೆ ಕೊಡಿ ಎಂದು ಕಂಪನಿಗಳನ್ನು ಕೇಳಿದ್ದು 1991ರಲ್ಲಿ.

ಪುರಾವೆ ಸಾಲದಾಯಿತು. 1992ರ ಜನವರಿಯಲ್ಲಿ ಎಫ್‌ಡಿಎ ಮುಖ್ಯಸ್ಥ ಡೇವಿಡ್ ಕೆಸ್ಲರ್ ಮಾರಾಟ ನಿಲ್ಲಿಸುವಂತೆ ಕೇಳಿದ. ಏಪ್ರಿಲ್‌ನಲ್ಲಿ, ಕ್ಯಾನ್ಸರ್ ಆದವರಂಥ ಮರುನಿರ್ಮಾಣದ ಅಗತ್ಯ ಇರುವವರಿಗೆ ಅಧ್ಯಯನದ ಚೌಕಟ್ಟಿನೊಳಗೆ ಮಾತ್ರ ಕೊಡಬಹುದು ಎಂದಾಯಿತು. ಆ ವರ್ಷಗಳಲ್ಲಿ ಸಾವಿರಾರು ಹೆಂಗಸರು ಕೀಲುನೋವು, ಸುಸ್ತು, ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳಿಗೆ ಇಂಪ್ಲಾಂಟೇ ಕಾರಣವೆಂದು ಕೋರ್ಟಿಗೆ ಹೋದರು. 1994ರಲ್ಲಿ 425 ಕೋಟಿ ಡಾಲರಿನ ಸಾಮೂಹಿಕ ಪರಿಹಾರದ ಒಪ್ಪಂದ ಆಯಿತು. 1995ರಲ್ಲಿ ಡೌ ಕಾರ್ನಿಂಗ್ ದಿವಾಳಿತನದ ರಕ್ಷಣೆ ಕೋರಿತು.

ಅದೇ ಹೊತ್ತಿಗೆ ಅಂಕಿಅಂಶ ಬೇರೆ ಮಾತು ಹೇಳತೊಡಗಿತು. 1994ರಲ್ಲಿ ಮೇಯೋ ಕ್ಲಿನಿಕ್ಕಿನ ಅಧ್ಯಯನ ಇಂಪ್ಲಾಂಟಿಗೂ ಸಂಯೋಜಕ ಅಂಗಾಂಶದ ಕಾಯಿಲೆಗಳಿಗೂ ನಂಟು ಕಾಣಲಿಲ್ಲ ಎಂದಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಒಡೆಯುವುದು, ಸುತ್ತಲಿನ ಪೊರೆ ಬಿಗಿಯುವುದು, ಮತ್ತೆ ಮತ್ತೆ ಆಪರೇಷನ್ ಬೇಕಾಗುವುದು, ಇಂಥ ಸ್ಥಳೀಯ ತೊಂದರೆಗಳೇ ನಿಜವಾದ ಚಿಂತೆಯ ವಿಷಯ ಎಂದು. ಈ ಎರಡನೆಯ ಮಾತು ಪತ್ರಿಕೆಗಳಲ್ಲಿ ಅಷ್ಟು ಸದ್ದು ಮಾಡಲಿಲ್ಲ.

ಈ ಗದ್ದಲದಲ್ಲಿ ಯಾರು ಗೆದ್ದರು ಎಂದು ಹೇಳುವುದು ನನ್ನ ಉದ್ದೇಶವಲ್ಲ. 1962ರಿಂದಲೇ, ಇಂಥವರಿಗೆ ಇಂಥ ದಿನ ಇಂಥ ಇಂಪ್ಲಾಂಟ್ ಹಾಕಿದೆವು, ಹತ್ತು ವರ್ಷದ ಮೇಲೆ ಹೀಗಿದ್ದಾರೆ ಎಂದು ಬರೆದಿಟ್ಟಿದ್ದರೆ 1992ರಲ್ಲಿ ಆ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತಿತ್ತು. ಹೆದರಿದ ಹೆಂಗಸರಿಗೂ ಅಷ್ಟು ವರ್ಷ ಕೋರ್ಟಿನ ಮೆಟ್ಟಿಲಲ್ಲಿ ಕಾಯುವ ಗತಿ ಬರುತ್ತಿರಲಿಲ್ಲ.

2006ರ ನವೆಂಬರಿನಲ್ಲಿ ಎಫ್‌ಡಿಎ ಎರಡು ಕಂಪನಿಗಳ ಸಿಲಿಕೋನ್ ಇಂಪ್ಲಾಂಟುಗಳಿಗೆ ಒಪ್ಪಿಗೆ ಕೊಟ್ಟಿತು. ಆಪರೇಷನ್ ಆದ 3 ವರ್ಷಕ್ಕೆ ಮೊದಲ ಎಂ.ಆರ್.ಐ., ಆಮೇಲೆ 2 ವರ್ಷಕ್ಕೊಮ್ಮೆ ಎಂಬ ಸಲಹೆ ಆಗ ಲೇಬಲ್ಲಿನ ಮೇಲೆ ಬಂತು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. 35ನೆಯ ವಯಸ್ಸಿನಲ್ಲಿ ಹಾಕಿಸಿಕೊಂಡು 75ರವರೆಗೆ ಬದುಕುವ ಮಹಿಳೆ 19 ಸಲ ಆ ಯಂತ್ರದೊಳಗೆ ಬೋರಲಾಗಿ ಮಲಗಬೇಕು. ಖರ್ಚು ಯಾರದು? ವಿಮೆ ಇದನ್ನು ಭರಿಸದಿರಬಹುದು ಎಂಬ ಎಚ್ಚರಿಕೆಯನ್ನೂ ರೋಗಿಗಳಿಗೆ ಕೊಡಲಾಗಿತ್ತು. ಬಹಳ ಮಂದಿ ಸ್ಕ್ಯಾನ್ ಮಾಡಿಸಲೇ ಇಲ್ಲ.

ಸಲಹೆಯ ಬಗ್ಗೆ ವೈದ್ಯರಲ್ಲೂ ಒಮ್ಮತವಿರಲಿಲ್ಲ. ಲಕ್ಷಣವೇ ಇಲ್ಲದವರನ್ನು ಪದೇಪದೇ ಪರೀಕ್ಷಿಸಿದರೆ ಲಾಭ ಎಷ್ಟು, ಇಲ್ಲದ ಒಡಕನ್ನು ಇದೆ ಎಂದು ತಿಳಿದು ಬೇಡದ ಆಪರೇಷನ್ ಮಾಡುವ ಅಪಾಯ ಎಷ್ಟು ಎಂದು ಕೇಳಿದವರಿದ್ದರು. ಡೆನ್ಮಾರ್ಕಿನ ಸಂಶೋಧಕರು ಅದೇ ಹೆಂಗಸರಿಗೆ ಎರಡು ವರ್ಷದ ಅಂತರದಲ್ಲಿ ಎರಡು ಸಲ ಎಂ.ಆರ್.ಐ. ಮಾಡಿ, 2003ರಲ್ಲಿ ಲೆಕ್ಕ ಕೊಟ್ಟಿದ್ದರು. ಅವರ ಅಂದಾಜಿನಲ್ಲಿ ಆಗಿನ ಹೊಸ ಪೀಳಿಗೆಯ ಇಂಪ್ಲಾಂಟುಗಳಲ್ಲಿ 5 ವರ್ಷಕ್ಕೆ ಒಡೆಯುವುದು ತೀರ ಕಡಿಮೆ, 10 ವರ್ಷದ ಹೊತ್ತಿಗೆ ಶೇ. 15ರ ಆಸುಪಾಸು. 2020ರಲ್ಲಿ ಎಫ್‌ಡಿಎ ತನ್ನ ಸಲಹೆ ಬದಲಿಸಿತು: ಮೊದಲ ಪರೀಕ್ಷೆ 5ರಿಂದ 6 ವರ್ಷಕ್ಕೆ, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ, ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಯಾವುದಾದರೂ ಸರಿ. ಎಂ.ಆರ್.ಐ.ಗಿಂತ ಅಲ್ಟ್ರಾಸೌಂಡ್ ಅಗ್ಗ, ಸಣ್ಣ ಊರುಗಳಲ್ಲೂ ಸಿಗುತ್ತದೆ. ಎಲ್ಲ ದೇಶಗಳೂ ಈ ಕ್ರಮವನ್ನೇ ಅನುಸರಿಸುವುದಿಲ್ಲ. ಯಾರಿಗೆ ಯಾವಾಗ ಬೇಕು ಎಂಬುದನ್ನು ಅವರವರ ವೈದ್ಯರೇ ನಿರ್ಧರಿಸಬೇಕು.

2006ರ ಒಪ್ಪಿಗೆಗೆ ಇನ್ನೊಂದು ಷರತ್ತಿತ್ತು. ಒಂದೊಂದು ಕಂಪನಿಯೂ ಸುಮಾರು 40,000 ಮಹಿಳೆಯರನ್ನು 10 ವರ್ಷ ಗಮನಿಸಬೇಕಿತ್ತು. 2011ರಲ್ಲಿ ಎಫ್‌ಡಿಎ ಪರಿಶೀಲಿಸಿದಾಗ, ಮೆಂಟರ್ ಕಂಪನಿಯ ಬಳಿ 3 ವರ್ಷದ ಮಾಹಿತಿ ಇದ್ದದ್ದು ಶೇ. 21ರಷ್ಟು ಮಂದಿಯದು ಮಾತ್ರ. 2019ರಲ್ಲಿ ಆ ಕಂಪನಿಗೂ ಸಿಯೆಂಟ್ರಾ ಎಂಬ ಇನ್ನೊಂದಕ್ಕೂ, ಒಪ್ಪಿಗೆಯ ನಂತರದ ಅಧ್ಯಯನವನ್ನು ಸರಿಯಾಗಿ ನಡೆಸಿಲ್ಲವೆಂದು ಎಚ್ಚರಿಕೆಯ ಪತ್ರ ಹೋಯಿತು. ಪ್ಲೇಗಿನ ಕಡತಗಳಲ್ಲಿ ಅರ್ಧ ತುಂಬಿದ ಕೋಷ್ಟಕಗಳನ್ನು ನೋಡಿ ನೋಡಿ ನನಗೆ ಅಭ್ಯಾಸ. ಕೋಷ್ಟಕದ ಮೊದಲ ಪುಟ ಅಂದವಾಗಿರುತ್ತದೆ, ಹೋಗ್ತಾ ಹೋಗ್ತಾ ಖಾಲಿ ಜಾಗ ಹೆಚ್ಚುತ್ತದೆ. ಇದೂ ಹಾಗೇ.

ಬರೆದಿಡದಿರುವುದರ ಬೆಲೆ ಏನೆಂದು ಚೆನ್ನಾಗಿ ಗೊತ್ತಾದದ್ದು ಫ್ರಾನ್ಸಿನಲ್ಲಿ. ಅಲ್ಲಿನ ದಕ್ಷಿಣ ಕರಾವಳಿಯಲ್ಲಿ ಜಾನ್-ಕ್ಲೋದ್ ಮಾಸ್ ಎಂಬಾತ 1991ರಲ್ಲಿ ಸ್ಥಾಪಿಸಿದ ಪಿಐಪಿ ಎಂಬ ಕಂಪನಿ ಇಂಪ್ಲಾಂಟ್ ತಯಾರಿಸಿ ಹತ್ತಾರು ದೇಶಗಳಿಗೆ ಕಳಿಸುತ್ತಿತ್ತು. ಅವು ಹೆಚ್ಚು ಹರಿಯುತ್ತಿವೆ ಎಂದು ಶಸ್ತ್ರವೈದ್ಯರು ದೂರತೊಡಗಿದರು. 2010ರ ಮಾರ್ಚಿನಲ್ಲಿ ಅಧಿಕಾರಿಗಳು ಕಾರ್ಖಾನೆಗೆ ಹೋದಾಗ, ವೈದ್ಯಕೀಯ ಸಿಲಿಕೋನಿನ ಬದಲು ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬುತ್ತಿದ್ದುದು ಬಯಲಾಯಿತು. ಪ್ರಮಾಣಪತ್ರ ಕೊಡುವ ಸಂಸ್ಥೆಯವರು ಮೊದಲೇ ತಿಳಿಸಿ ಬರುತ್ತಿದ್ದರು, ಬರುವ ಮುಂಚೆ ಡ್ರಮ್ಮುಗಳನ್ನು ಬಚ್ಚಿಡಲಾಗುತ್ತಿತ್ತು. 2011ರ ಡಿಸೆಂಬರಿನಲ್ಲಿ ಫ್ರಾನ್ಸ್ ಸರ್ಕಾರ ತನ್ನ ದೇಶದ ಸುಮಾರು 30,000 ಮಹಿಳೆಯರಿಗೆ ಇಂಪ್ಲಾಂಟ್ ತೆಗೆಸಿಕೊಳ್ಳುವಂತೆ ಸಲಹೆ ಕೊಟ್ಟಿತು. 2013ರಲ್ಲಿ ಮಾರ್ಸೇಯ ನ್ಯಾಯಾಲಯ ಮಾಸ್‌ಗೆ 4 ವರ್ಷದ ಶಿಕ್ಷೆ ವಿಧಿಸಿತು.

ಜಗತ್ತಿನಾದ್ಯಂತ 3 ಲಕ್ಷಕ್ಕೂ ಹೆಚ್ಚು ಹೆಂಗಸರು ಪಿಐಪಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದರು ಎಂಬ ಅಂದಾಜಿದೆ. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಮೈಯಲ್ಲಿರುವುದು ಯಾವ ಕಂಪನಿಯದೆಂದೇ ಗೊತ್ತಿರಲಿಲ್ಲ. ಎಂ.ಆರ್.ಐ. ಯಂತ್ರ ಒಡಕನ್ನು ತೋರಿಸಬಲ್ಲದು, ಕಂಪನಿಯ ಹೆಸರನ್ನು ಓದಿ ಹೇಳಲಾರದು. ಬ್ರಿಟನ್ನಿನಲ್ಲಿ 1993ರಿಂದ ಒಂದು ಇಂಪ್ಲಾಂಟ್ ನೋಂದಣಿ ಪುಸ್ತಕ ಇತ್ತು. 2006ರಲ್ಲಿ ಅದನ್ನು ಮುಚ್ಚಿದ್ದರು. ನಾಲ್ಕು ವರ್ಷಕ್ಕೆ ಪಿಐಪಿ ಹಗರಣ ಬಂತು, ಪುಸ್ತಕ ಬೇಕಾದಾಗ ಇರಲಿಲ್ಲ. 2016ರಲ್ಲಿ ಮತ್ತೆ ಹೊಸದಾಗಿ ತೆರೆದರು. ನೆದರ್‌ಲ್ಯಾಂಡ್ಸ್ 2015ರಲ್ಲಿ ತನ್ನ ನೋಂದಣಿ ಆರಂಭಿಸಿತು. ಆಸ್ಟ್ರೇಲಿಯಾ, ಅಮೆರಿಕದಲ್ಲೂ ಈಗ ಅಂಥವು ಇವೆ.

ಸ್ಕ್ಯಾನ್ ಒಂದೇ ಸಾಲದು ಎಂದು ತೋರಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಅಪರೂಪದ ಒಂದು ಲಿಂಫೋಮಾ ಇದೆ. ಅದರ ಮೊದಲ ವರದಿ ಬಂದದ್ದು 1997ರಲ್ಲಿ. ಎಫ್‌ಡಿಎ ಸಾರ್ವಜನಿಕವಾಗಿ ಎಚ್ಚರಿಸಿದ್ದು 2011ರಲ್ಲಿ. ಮೇಲ್ಮೈ ಒರಟಾಗಿರುವ ಇಂಪ್ಲಾಂಟುಗಳಿಗೂ ಅದಕ್ಕೂ ನಂಟಿದೆ ಎಂದು ಸ್ಪಷ್ಟವಾದ ಮೇಲೆ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಈ ಕಾಯಿಲೆ ಬಹಳ ಸಲ ತಲೆದೋರುವುದು ಆಪರೇಷನ್ ಆಗಿ ವರ್ಷಗಳ ನಂತರ, ಒಂದು ಕಡೆ ಹಠಾತ್ತಾಗಿ ಊತ ಬಂದು. ಆಗ ಅಲ್ಟ್ರಾಸೌಂಡ್ ಮಾಡಿ, ಸೇರಿಕೊಂಡ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ. ಬೇಗ ಗೊತ್ತಾದರೆ ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಲಕ್ಷಣವಿಲ್ಲದವರು ಹೆದರಿ ತೆಗೆಸಿಕೊಳ್ಳಬೇಕಿಲ್ಲ ಎಂದು ಎಫ್‌ಡಿಎ ಹೇಳಿದೆ.

ಇದರ ಅಪಾಯ ಎಷ್ಟೆಂದು ಮೊದಲು ಗಟ್ಟಿಯಾಗಿ ಲೆಕ್ಕ ಕೊಟ್ಟವರಲ್ಲಿ ಡಚ್ಚರು ಮುಖ್ಯರು. ದೇಶದ ಎಲ್ಲ ರೋಗಶಾಸ್ತ್ರ ಪ್ರಯೋಗಾಲಯಗಳ ವರದಿಗಳನ್ನು ಒಂದೇ ಕಡೆ ಸೇರಿಸಿಡುವ ವ್ಯವಸ್ಥೆ ಅವರಲ್ಲಿ ಮೊದಲೇ ಇತ್ತು. ಕಡತ ಇದ್ದದ್ದರಿಂದ ಉತ್ತರ ಸಿಕ್ಕಿತು. ಊತ ಬಂದಿದೆ, ಆಕಾರ ಬದಲಾಗಿದೆ, ಗಂಟು ಸಿಗುತ್ತಿದೆ ಎಂದು ಬಂದ ಹೆಂಗಸಿನ ಮಾತನ್ನು ಒಬ್ಬರು ಕೇಳಿಸಿಕೊಂಡು ಬರೆದಿಟ್ಟರೆ ಮಾತ್ರ ಅಂಥ ಕಡತ ತುಂಬುತ್ತದೆ.

ಭಾರತದಲ್ಲಿ ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ವರದಿ ಮಾಡಲು ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಶುರುವಾಯಿತು. ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ತೊಂದರೆಯಾದಾಗ ವರದಿ ಮಾಡುವ ದಾರಿ ಅದು. ತೊಂದರೆಯಾಗುವ ಮೊದಲೇ ಯಾರಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಮನೆಯಲ್ಲಿರುವ ಆ ಒಂದು ಕಾರ್ಡೇ ಗತಿ. ಇಂಪ್ಲಾಂಟಿನ ಡಬ್ಬಿಯಲ್ಲಿ ಕಿತ್ತು ಅಂಟಿಸುವ ಸ್ಟಿಕ್ಕರುಗಳು ಬರುತ್ತವೆ. ಕಂಪನಿ, ಮಾದರಿ, ಗಾತ್ರ, ಲಾಟ್ ಅಥವಾ ಸೀರಿಯಲ್ ನಂಬರು ಅದರಲ್ಲಿರುತ್ತವೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ರೋಗಿಯ ಕಾರ್ಡಿಗೆ.

ಚಿಕ್ಕಮ್ಮನ ಕಾರ್ಡು ಹುಡುಕಲು ಎರಡು ದಿನ ಬೇಕಾಯಿತು. ಬೀರುವಿನಲ್ಲಿ ಇರಲಿಲ್ಲ. ಆಸ್ಪತ್ರೆಯ ಹಳೆಯ ರಿಪೋರ್ಟುಗಳ ಕಟ್ಟಿನಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಅಟ್ಟದ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ, ಮಿಕ್ಸಿ, ಫ್ರಿಡ್ಜು, ಇಸ್ತ್ರಿಪೆಟ್ಟಿಗೆಗಳ ವಾರಂಟಿ ಕಾರ್ಡುಗಳ ನಡುವೆ. ಚಿಕ್ಕಪ್ಪ ಅದನ್ನೂ ಒಂದು ವಾರಂಟಿ ಎಂದೇ ತಿಳಿದು ಜೋಪಾನ ಮಾಡಿದ್ದರು. ಫ್ರಿಡ್ಜಿನ ಕಾರ್ಡಿನಲ್ಲಿ ಅಂಗಡಿಯವನ ಸೀಲು, ತಾರೀಕು, ಸಹಿ ಎಲ್ಲವೂ ಇದ್ದವು. ಇಂಪ್ಲಾಂಟಿನ ಕಾರ್ಡಿನಲ್ಲಿ ಸ್ಟಿಕ್ಕರ್ ಇತ್ತು, ತಾರೀಕಿನ ಜಾಗ ಖಾಲಿ ಇತ್ತು.

"ನಿಮ್ಮ ಚಿಕ್ಕಪ್ಪ ಸದ್ಯ ಎಸೀಲಿಲ್ವಲ್ಲ, ಅದೇ ಪುಣ್ಯ," ಎಂದಳು ಚಿಕ್ಕಮ್ಮ. ಆ ತಾರೀಕನ್ನು ಅವಳೇ ನೆನಪಿನಿಂದ ಹೇಳಿದಳು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೂರನೆಯ ದಿನ ಅಡ್ಮಿಟ್ ಆಗಿದ್ದಳಂತೆ. ನಾನು ಪೆನ್ನಿನಲ್ಲಿ ತುಂಬಿಸಿದೆ.

ಮರುವಾರ ಎಂ.ಆರ್.ಐ. ಆಯಿತು. ಸುಮಾರು ಅರ್ಧ ಗಂಟೆ ಬೋರಲಾಗಿ ಮಲಗಿದ್ದು ಹೊರಗೆ ಬಂದವಳು, "ಒಳಗೆ ಯಾರೋ ತಗಡಿನ ಮನೆ ಕಟ್ತಾ ಇದ್ದ ಹಾಗಿತ್ತು ಕಣೇ," ಎಂದು ಕಿವಿ ಉಜ್ಜಿಕೊಂಡಳು. ಒಡಕು ಮಾತ್ರ ನೋಡುವುದಾದರೆ ರಕ್ತನಾಳಕ್ಕೆ ಚುಚ್ಚುಮದ್ದು ಬೇಕಾಗುವುದಿಲ್ಲ ಎಂದು ತಿಳಿದಾಗ ಅವಳಿಗೆ ಅರ್ಧ ಭಯ ಹೋಗಿತ್ತು. ರಿಪೋರ್ಟು ಸಂಜೆ ಬಂತು. ಚೀಲ ಹರಿದಿಲ್ಲ, ಸುತ್ತ ದ್ರವ ಇಲ್ಲ. ಬಲಗಡೆಯ ಸ್ತನಕ್ಕೆ ವರ್ಷವರ್ಷದ ಮ್ಯಾಮೊಗ್ರಾಮ್ ಎಂದಿನಂತೆ ಮುಂದುವರಿಯಲಿ, ಇದನ್ನು ಎರಡು ವರ್ಷದ ಮೇಲೆ ಅಲ್ಟ್ರಾಸೌಂಡಿನಲ್ಲಿ ಮತ್ತೆ ನೋಡೋಣ, ನಡುವೆ ಊತವೋ ಗಂಟೋ ಕಂಡರೆ ಕಾಯದೆ ಬನ್ನಿ ಎಂದರು ವೈದ್ಯೆ.

ಇದನ್ನು ಬರೆಯಲೇ ಎಂದು ಕೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ನ ಹೆಸರು ಹಾಕಬೇಡ. ಕಾರ್ಡಿನ ವಿಷಯ ಬರಿ. ನನ್ನ ಹಾಗೆ ಅಟ್ಟ ಹತ್ತೋರು ಇನ್ನೂ ಎಷ್ಟು ಜನ ಇದ್ದಾರೋ," ಎಂದಳು. ಆಮೇಲೆ ಕಾರ್ಡಿನ ಫೋಟೋ ತೆಗೆದು ನನಗೂ ಮಗಳಿಗೂ ಕಳಿಸಿದಳು. ನಂಬರನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲೂ ಬರೆದುಕೊಂಡಳು.

ಮುಂದಿನ ಸ್ಕ್ಯಾನಿನ ತಿಂಗಳನ್ನು ಗುರುತು ಹಾಕಲು ಅಡುಗೆಮನೆಯ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹತ್ತಿರ ಹೋದಳು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಎಲ್ಲ ಅದರಲ್ಲೇ ಬರೆಯುವುದು ಅವಳ ರೂಢಿ. ಡಿಸೆಂಬರಿನವರೆಗೆ ಹಾಳೆ ಮಗುಚಿ ನೋಡಿ, ಅಷ್ಟು ದೂರದ ತಿಂಗಳು ಅದರಲ್ಲಿಲ್ಲ ಎಂದು ನೆನಪಾಗಿ ನಕ್ಕಳು. "ನೀನೇ ಜ್ಞಾಪಿಸ್ಬೇಕಮ್ಮ," ಎಂದಳು.